ನೌಕೆಯೇ ಎಳೆದುಕೊಂಡ ಅಯಾನಿನ ನಿಜವಾದ ವೇಗ ಎಷ್ಟು?

ಪ್ರಶ್ನೆ: ರೊಸೆಟಾ ನೌಕೆ 67ಪಿ ಧೂಮಕೇತುವಿನ ಸುತ್ತ ನೀರಿನ ಅಯಾನುಗಳನ್ನು ಗುರುತಿಸಿ, ಅವುಗಳ ವೇಗವನ್ನೂ ಅಳೆಯಿತು ಎಂದು ಓದಿದೆ. ಆ ನೌಕೆಯ ಮೈ ಮೈನಸ್ 10ರಿಂದ 20 ವೋಲ್ಟ್‌ಗಳಷ್ಟು ವಿದ್ಯುದಾವೇಶ ಹೊತ್ತಿತ್ತು ಎಂದೂ ಇನ್ನೊಂದೆಡೆ ಓದಿದೆ. ಧನ ಅಯಾನುಗಳನ್ನು ತಾನೇ ಎಳೆದುಕೊಳ್ಳುವ ನೌಕೆ ಅವುಗಳ ವೇಗವನ್ನು ಅಳೆಯುವುದು ಹೇಗೆ? ಬಂದದ್ದು ನೀರಿನ ಅಯಾನೇ ಎಂದು ಹೇಗೆ ಗೊತ್ತು? 1986ರಲ್ಲೇ ಗಿಯೊಟ್ಟೊ ನೌಕೆ ಹ್ಯಾಲಿಯ ಬಳಿ ಇದನ್ನೆಲ್ಲ ಮಾಡಿ ಮುಗಿಸಿರಲಿಲ್ಲವೇ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ಧೂಮಕೇತುವಿನ ಮಂಜು ಆವಿಯಾಗಿ ಹೊರಟಾಗ ಅನಿಲದ ವೇಗ ಸೆಕೆಂಡಿಗೆ ಸುಮಾರು 0.7 ಕಿ.ಮೀ. ಆ ವೇಗದಲ್ಲಿ ಸಾಗುವ ನೀರಿನ ಅಣುವಿನ ಚಲನಶಕ್ತಿ ಬರೀ 0.046 ಎಲೆಕ್ಟ್ರಾನ್ ವೋಲ್ಟ್ (ಒಂದು ಎಲೆಕ್ಟ್ರಾನಿನಷ್ಟು ಆವೇಶ ಒಂದು ವೋಲ್ಟ್ ದಾಟಿದಾಗ ಪಡೆಯುವ ಶಕ್ತಿಯೇ ಒಂದು ಎಲೆಕ್ಟ್ರಾನ್ ವೋಲ್ಟ್). ಸೂರ್ಯನ ನೇರಳಾತೀತ ಬೆಳಕು ಆ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಅಯಾನು ಮಾಡಿದರೂ ವೇಗ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮಿಕ್ಕ ಶಕ್ತಿಯನ್ನೆಲ್ಲ ಹಗುರವಾದ ಎಲೆಕ್ಟ್ರಾನೇ ಹೊತ್ತೊಯ್ಯುತ್ತದೆ. ಈ ಅಯಾನು ಮೈನಸ್ 15 ವೋಲ್ಟಿನ ನೌಕೆಯ ಕಡೆಗೆ ಬಿದ್ದರೆ, ಉಪಕರಣದ ಬಾಯಿಗೆ ಬರುವ ಹೊತ್ತಿಗೆ ಅದರ ಶಕ್ತಿ 15.046 ಎಲೆಕ್ಟ್ರಾನ್ ವೋಲ್ಟ್ ಆಗಿರುತ್ತದೆ. ಉಪಕರಣ ಓದಿದ ಅಂಕಿಯಲ್ಲಿ ಸಾವಿರಕ್ಕೆ ಮೂರು ಪಾಲು ಮಾತ್ರ ಧೂಮಕೇತುವಿನದು, ಉಳಿದದ್ದು ನೌಕೆಯ ಕೊಡುಗೆ. ಆಳವಾದ ಬಾವಿಗೆ ಬಿದ್ದ ಕಲ್ಲು ನೀರಿಗೆ ಬಡಿದ ವೇಗವನ್ನಷ್ಟೇ ನೋಡಿ, ಅದನ್ನು ಸುಮ್ಮನೆ ಕೈಬಿಟ್ಟರೋ ಮೆಲ್ಲಗೆ ಎಸೆದರೋ ಹೇಳಿ ಎಂದಂತೆ ಇದು.

ಹಾಗಾಗಿ ನೇರ ಉತ್ತರ ಹೀಗಿದೆ. ವೇಗದ ಅಯಾನುಗಳ ವಿಷಯದಲ್ಲಿ, ಅಂದರೆ ಐವತ್ತು ನೂರು ಎಲೆಕ್ಟ್ರಾನ್ ವೋಲ್ಟ್‌ಗಳಿಂದ ಮೇಲಿನವುಗಳಿಗೆ, ನೌಕೆಯ ವಿಭವ, ಅಂದರೆ ಅದರ ಮೈಯ ಆ ಮೈನಸ್ ವೋಲ್ಟ್‌ಗಳು, ಸಣ್ಣ ತಿದ್ದುಪಡಿ ಮಾತ್ರ. ಸೌರ ಮಾರುತದ, ಅಂದರೆ ಸೂರ್ಯನಿಂದ ಸದಾ ಹರಿದುಬರುವ ಆವೇಶ ಹೊತ್ತ ಕಣಗಳಿಗಂತೂ ಅದು ಲೆಕ್ಕಕ್ಕೇ ಇಲ್ಲ. ಧೂಮಕೇತುವಿನ ಹತ್ತಿರ ಆಗತಾನೇ ಹುಟ್ಟಿದ ನಿಧಾನಗತಿಯ ಅಯಾನುಗಳ ವೇಗವನ್ನು ಮಾತ್ರ ಅಯಾನು ಉಪಕರಣ ಒಂದೇ ಹೇಳಲಾರದು. ಅದಕ್ಕೆ ಇನ್ನೆರಡು ಉಪಕರಣಗಳ ಸಾಕ್ಷ್ಯ ಬೇಕು, ಕಂಪ್ಯೂಟರಿನಲ್ಲಿ ನೌಕೆಯ ಸುತ್ತಲಿನ ವಿದ್ಯುತ್ ಕ್ಷೇತ್ರದ ಮಾದರಿಯೂ ಬೇಕು. ಬಂದದ್ದು ನೀರೇ ಎಂಬ ಗುರುತು ಬೇರೊಂದು ಉಪಕರಣದಿಂದ ಸಿಗುತ್ತದೆ.

ಗಿಯೊಟ್ಟೊಗೆ ಈ ತಲೆನೋವು ಇರಲಿಲ್ಲ, ಅದಕ್ಕೆ ಕಾರಣ ಅದರ ವೇಗ. 1986ರ ಮಾರ್ಚ್ 14ರಂದು ಅದು ಹ್ಯಾಲಿಯ ಗರ್ಭದಿಂದ (ಧೂಮಕೇತುವಿನ ನಡುವಿನ ಗಟ್ಟಿ ಉಂಡೆಯಿಂದ) ಸುಮಾರು 600 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ 68 ಕಿ.ಮೀ. ವೇಗದಲ್ಲಿ ಹಾದುಹೋಯಿತು. ನೌಕೆಯಿಂದ ನೋಡಿದರೆ ನಿಂತ ಅಯಾನುಗಳೂ ಅದೇ ವೇಗದಲ್ಲಿ ಎದುರಿಗೆ ನುಗ್ಗುತ್ತವೆ. ನೀರಿನ ಅಯಾನಿನ ಶಕ್ತಿ ಆಗ ಸುಮಾರು 440 ಎಲೆಕ್ಟ್ರಾನ್ ವೋಲ್ಟ್, ಒಂದೊಂದು ದ್ರವ್ಯರಾಶಿ ಏಕಮಾನಕ್ಕೆ 24ರಷ್ಟು. ಎಲ್ಲ ಅಯಾನುಗಳಿಗೂ ವೇಗ ಒಂದೇ ಆದ್ದರಿಂದ ಶಕ್ತಿ ಅಳೆದರೆ ತೂಕ ಅಳೆದಂತೆಯೇ. ನೌಕೆಯ ಕೆಲವು ವೋಲ್ಟ್‌ಗಳು ಅಲ್ಲಿ ನೂರಕ್ಕೆ ಒಂದೆರಡು ಪಾಲು ದೋಷ ತರಬಹುದು, ಅಷ್ಟೇ. ಆದರೆ ಗಿಯೊಟ್ಟೊ ಕಂಡದ್ದು ಒಂದೇ ಗೆರೆಯುದ್ದಕ್ಕೆ, ಕೆಲವು ಗಂಟೆಗಳ ನೋಟ. ರೊಸೆಟಾ 2014ರ ಆಗಸ್ಟ್ 6ರಿಂದ 2016ರ ಸೆಪ್ಟೆಂಬರ್ 30ರವರೆಗೆ ಧೂಮಕೇತುವಿನ ಜೊತೆಗೇ ಇತ್ತು, ಅದರ ಸಾಪೇಕ್ಷ ವೇಗ ಮನುಷ್ಯನ ನಡಿಗೆಯಷ್ಟು. ಧೂಮಕೇತು ಮಂಕಾಗಿದ್ದಾಗಿನಿಂದ ಉರಿದು ಮತ್ತೆ ಮಂಕಾಗುವವರೆಗೆ ಎಲ್ಲ ಹಂತಗಳನ್ನೂ ನೋಡಲು ಸಿಕ್ಕ ಅವಕಾಶಕ್ಕೆ ತೆತ್ತ ಬೆಲೆಯೇ ಈ ಅಳತೆಯ ಕಷ್ಟ.

ಎಷ್ಟು ಅಯಾನುಗಳನ್ನು ನಿರೀಕ್ಷಿಸಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಲ್ಲದಿದ್ದರೆ ಉಪಕರಣ ತಪ್ಪು ಹೇಳಿದಾಗ ಗೊತ್ತೇ ಆಗುವುದಿಲ್ಲ. ಸೂರ್ಯನಿಂದ 3 ಖಗೋಳಮಾನ (ಅಂದರೆ ಭೂಮಿಗಿರುವ ದೂರದ ಮೂರು ಪಟ್ಟು) ದೂರದಲ್ಲಿ, ಸೆಕೆಂಡಿಗೆ 10²⁶ ಅಣು ಹೊರಬಿಡುವ ಧೂಮಕೇತುವನ್ನು ತೆಗೆದುಕೊಳ್ಳಿ. ಗರ್ಭದಿಂದ 30 ಕಿ.ಮೀ. ದೂರದಲ್ಲಿ ಅನಿಲದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.3 ಕೋಟಿ ಅಣು ಬರುತ್ತದೆ. ಭೂಮಿಯ ದೂರದಲ್ಲಿ ನೀರಿನ ಅಣುವೊಂದು ಬೆಳಕಿನಿಂದ ಅಯಾನಾಗುವ ದರ ಸೆಕೆಂಡಿಗೆ ಸುಮಾರು 5×10⁻⁷. ಸೂರ್ಯನ ಚಟುವಟಿಕೆಯ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. 3 ಖಗೋಳಮಾನದಲ್ಲಿ ಅದನ್ನು 9ರಿಂದ ಭಾಗಿಸಿ. ಅನಿಲ 30 ಕಿ.ಮೀ. ಸಾಗಲು 43 ಸೆಕೆಂಡು ಬೇಕು. ಮೂರನ್ನೂ ಗುಣಿಸಿದರೆ ಘನ ಸೆಂಟಿಮೀಟರಿಗೆ 30 ಅಯಾನು ಸಿಗುತ್ತದೆ. ಎಲೆಕ್ಟ್ರಾನ್‌ಗಳ ಡಿಕ್ಕಿಯಿಂದ ಹುಟ್ಟುವ ಅಯಾನುಗಳೂ ಇವೆ, ಸೂರ್ಯನಿಂದ ದೂರವಿದ್ದಾಗ ಆ ಪಾಲು ಬೆಳಕಿನ ಪಾಲಿಗೆ ಸರಿಸಮವಾಗಿಯೂ ನಿಲ್ಲಬಲ್ಲದು. ಆದರೂ ಹತ್ತಾರರಿಂದ ನೂರರ ಮಟ್ಟ ಎಂಬ ಅಂದಾಜು ಕೈಯಲ್ಲಿರಲಿ. ಉಪಕರಣ ಇದೇ ಜಾಗದಲ್ಲಿ ಘನ ಸೆಂಟಿಮೀಟರಿಗೆ 0.5 ಎಂದರೆ ನಂಬಬೇಡಿ, ಅದು ಏನನ್ನೋ ಕಾಣದೆ ಬಿಟ್ಟಿದೆ.

ಈಗ ಉಪಕರಣಕ್ಕೆ ಬರೋಣ. ರೊಸೆಟಾದಲ್ಲಿ ಪ್ಲಾಸ್ಮಾ, ಅಂದರೆ ಅಯಾನು ಮತ್ತು ಎಲೆಕ್ಟ್ರಾನ್‌ಗಳ ಮಿಶ್ರಣ, ಅಳೆಯಲು ಐದು ಸಂವೇದಕಗಳ ಒಂದು ಗುಂಪಿತ್ತು. ಅಯಾನುಗಳ ಜಾತಿ ಗುರುತಿಸುವ ಐಸಿಎ ಸ್ವೀಡನ್ನಿನ ಕಿರುನಾದ ಬಾಹ್ಯಾಕಾಶ ಭೌತವಿಜ್ಞಾನ ಸಂಸ್ಥೆಯದು. ಅಯಾನು ಮತ್ತು ಎಲೆಕ್ಟ್ರಾನ್ ಎರಡನ್ನೂ ಎಣಿಸುವ ಐಇಎಸ್ ಅಮೆರಿಕದ ಸೌತ್‌ವೆಸ್ಟ್ ಸಂಶೋಧನಾ ಸಂಸ್ಥೆಯದು. ಲ್ಯಾಪ್ ಎಂಬ ಲ್ಯಾಂಗ್ಮ್ಯೂರ್ ಶೋಧಕಗಳು ಉಪ್ಸಾಲಾದವು, ಮಿಪ್ ಎಂಬ ಪ್ರತಿರೋಧ ಶೋಧಕ ಫ್ರಾನ್ಸಿನ ಒರ್ಲಿಯಾನ್ಸ್‌ನದು, ಕಾಂತಮಾಪಕ ಜರ್ಮನಿಯ ಬ್ರೌನ್‌ಷ್ವೈಗ್‌ನದು. ಇವೆಲ್ಲಕ್ಕಿಂತ ಬೇರೆಯಾಗಿ, ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ರೊಸಿನಾ ಎಂಬ ಅನಿಲ ಪರೀಕ್ಷೆಯ ಗುಂಪಿತ್ತು.

ಐಸಿಎ ಒಳಗೆ ಅಯಾನಿನ ಹಾದಿ ಹೀಗೆ. ಬಾಯಿಯಲ್ಲಿ ಮೇಲೆ ಕೆಳಗೆ ಬಾಗಿಸುವ ವಿದ್ಯುತ್ ಫಲಕಗಳಿವೆ. ವೋಲ್ಟೇಜ್ ಬದಲಿಸಿದಂತೆ ಉಪಕರಣ ಮೈನಸ್ 45ರಿಂದ ಪ್ಲಸ್ 45 ಡಿಗ್ರಿವರೆಗೆ 16 ಹಂತಗಳಲ್ಲಿ ಕಣ್ಣು ಹೊರಳಿಸುತ್ತದೆ. ನಂತರ ಎರಡು ಬಾಗಿದ ಲೋಹದ ಮೇಲ್ಮೈಗಳ ನಡುವಿನ ಸಂದು. ಅವುಗಳ ನಡುವಿನ ವೋಲ್ಟೇಜಿಗೆ ಹೊಂದುವ ಶಕ್ತಿಯ ಅಯಾನು ಮಾತ್ರ ಗೋಡೆಗೆ ಬಡಿಯದೆ ದಾಟುತ್ತದೆ. ಕೆಲವು ಎಲೆಕ್ಟ್ರಾನ್ ವೋಲ್ಟ್‌ಗಳಿಂದ 40,000ದವರೆಗೆ ಇಂಥ 96 ಹಂತಗಳಿವೆ. ಆಮೇಲೆ ಶಾಶ್ವತ ಕಾಂತಗಳ ವಲಯ. ಒಂದೇ ಶಕ್ತಿಯ ಎರಡು ಅಯಾನುಗಳಲ್ಲಿ ಹಗುರವಾದದ್ದಕ್ಕೆ ಸಂವೇಗ ಕಡಿಮೆ, ಆದ್ದರಿಂದ ಅದು ಹೆಚ್ಚು ಬಾಗುತ್ತದೆ. ಕೊನೆಯಲ್ಲಿರುವ ಸೂಕ್ಷ್ಮ ನಾಳಗಳ ತಟ್ಟೆಯ ಮೇಲೆ ಅಯಾನು ಬಿದ್ದ ಜಾಗ ನೋಡಿ ತೂಕ ಹೇಳುತ್ತಾರೆ. ಸುತ್ತಲಿನ 16 ವಿಭಾಗಗಳಲ್ಲಿ ಯಾವುದರಿಂದ ಬಂತೆಂದು ನೋಡಿ ದಿಕ್ಕು ಹೇಳುತ್ತಾರೆ.

ಒಂದು ಮಿತಿ ಇಲ್ಲೇ ಇದೆ. ಶಕ್ತಿ ಕಡಿಮೆಯಿದ್ದರೆ ಪ್ರೋಟಾನ್ ಎಷ್ಟು ಬಾಗುತ್ತದೆಂದರೆ ತಟ್ಟೆಗೆ ತಲುಪದೆ ಗೋಡೆ ಸೇರುತ್ತದೆ. ಅದಕ್ಕಾಗಿ ಕಾಂತಗಳಿಗೆ ಮೊದಲು ಅಯಾನುಗಳಿಗೆ ಹೆಚ್ಚುವರಿ ವೋಲ್ಟೇಜಿನ ತಳ್ಳು ಕೊಡುತ್ತಾರೆ. ತಳ್ಳು ಹೆಚ್ಚಿಸಿದರೆ ಹಗುರ ಅಯಾನುಗಳು ಕಾಣುತ್ತವೆ, ಆದರೆ ತೂಕಗಳು ಒತ್ತೊತ್ತಾಗಿ ಬಿದ್ದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಎಷ್ಟೇ ಹೊಂದಿಸಿದರೂ ಐಸಿಎ ಪ್ರೋಟಾನ್, ಹೀಲಿಯಂ, ಭಾರವಾದ ಅಯಾನು ಎಂದು ಬೇರೆ ಮಾಡಬಲ್ಲದೇ ಹೊರತು ನೀರಿನ ಅಯಾನನ್ನು ಪಕ್ಕದ ಹೈಡ್ರೋನಿಯಂನಿಂದ (ಒಂದು ಪ್ರೋಟಾನ್ ಹೆಚ್ಚಾಗಿ ಸೇರಿದ ನೀರಿನ ಅಣು) ಬಿಡಿಸಲಾರದು. 'ನೀರಿನ ಗುಂಪಿನ ಅಯಾನು' ಎಂಬ ಮಾತು ಪ್ರಬಂಧಗಳಲ್ಲಿ ಪದೇಪದೇ ಬರುವುದು ಇದಕ್ಕೇ. ಐಇಎಸ್‌ಗಂತೂ ತೂಕ ನೋಡುವ ಭಾಗವೇ ಇಲ್ಲ. ಅದು ಶಕ್ತಿಯನ್ನು ಮಾತ್ರ ಓದುತ್ತದೆ. ಆವೇಶ ಹೊತ್ತ ಅತಿಸಣ್ಣ ದೂಳಿನ ಕಣಗಳೂ ಅದರಲ್ಲಿ ದಾಖಲಾಗಿವೆ.

ಸೌರ ಮಾರುತದ ಭಾಗ ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಸೆಕೆಂಡಿಗೆ 440 ಕಿ.ಮೀ. ಸಾಗುವ ಪ್ರೋಟಾನಿನ ಶಕ್ತಿ ಸುಮಾರು 1,000 ಎಲೆಕ್ಟ್ರಾನ್ ವೋಲ್ಟ್. ಅದೇ ವೇಗದ ಆಲ್ಫಾ ಕಣಕ್ಕೆ (ಎರಡೂ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ) ತೂಕ ನಾಲ್ಕು ಪಟ್ಟು, ಆವೇಶ ಎರಡು ಪಟ್ಟು. ಉಪಕರಣ ನೋಡುವುದು ಶಕ್ತಿಯನ್ನು ಆವೇಶದಿಂದ ಭಾಗಿಸಿದ ಬೆಲೆಯನ್ನು, ಆದ್ದರಿಂದ ಅದು 2,000ದಲ್ಲಿ ಕಾಣುತ್ತದೆ. ಆಲ್ಫಾ ಕಣ ಧೂಮಕೇತುವಿನ ಅನಿಲದಿಂದ ಒಂದು ಎಲೆಕ್ಟ್ರಾನ್ ಕಸಿದುಕೊಂಡರೆ ಒಂದೇ ಆವೇಶದ ಹೀಲಿಯಂ ಆಗಿ 4,000ದಲ್ಲಿ ಕಾಣುತ್ತದೆ. ಸೌರ ಮಾರುತದಲ್ಲಿ ಆ ಜಾತಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 4,000ದ ಗೆರೆಗೂ 2,000ದ ಗೆರೆಗೂ ಇರುವ ಅನುಪಾತ ನೋಡಿದರೆ ಸೌರ ಮಾರುತ ಎಷ್ಟು ಅನಿಲ ದಾಟಿ ಬಂದಿದೆ, ಅಂದರೆ ಧೂಮಕೇತು ಎಷ್ಟು ಅನಿಲ ಬಿಡುತ್ತಿದೆ ಎಂದು ಅಂದಾಜಿಸಬಹುದು. ನೌಕೆಯ 15 ವೋಲ್ಟ್ ಇಲ್ಲಿ ಏನನ್ನೂ ಕೆಡಿಸುವುದಿಲ್ಲ. ನನ್ನ ಮಟ್ಟಿಗೆ ರೊಸೆಟಾದ ಅಯಾನು ಅಳತೆಗಳಲ್ಲಿ ಅತ್ಯಂತ ಚೊಕ್ಕವಾದದ್ದು ಇದೇ.

ಮಧ್ಯಮ ಶಕ್ತಿಯ ಅಯಾನುಗಳೂ ನಂಬಿಕೆಗೆ ಅರ್ಹ. ಸೌರ ಮಾರುತದ ಚಲಿಸುವ ಕಾಂತಕ್ಷೇತ್ರ ಹೊಸ ಅಯಾನಿನ ಮೇಲೆ ವಿದ್ಯುತ್ ಕ್ಷೇತ್ರವಾಗಿ ಕೆಲಸ ಮಾಡುತ್ತದೆ. ವೇಗ 400 ಕಿ.ಮೀ., ಕ್ಷೇತ್ರ 2 ನ್ಯಾನೊಟೆಸ್ಲಾ ಎಂದಿಟ್ಟರೆ ಮೀಟರಿಗೆ 0.8 ಮಿಲಿವೋಲ್ಟ್, ನೂರು ಕಿಲೋಮೀಟರಿಗೆ 80 ವೋಲ್ಟ್. ಆ ಕ್ಷೇತ್ರದಲ್ಲಿ ನೀರಿನ ಅಯಾನು ಹಾಕಬೇಕಾದ ಸುತ್ತಿನ ತ್ರಿಜ್ಯ ಸುಮಾರು 37,000 ಕಿ.ಮೀ. ಗರ್ಭ ಬರೀ 4 ಕಿ.ಮೀ.ನಷ್ಟು, ನೌಕೆ ಇದ್ದದ್ದು ಹತ್ತಾರು ಕಿ.ಮೀ. ದೂರದಲ್ಲಿ. ಆದ್ದರಿಂದ ರೊಸೆಟಾ ಕಂಡದ್ದು ಆ ಸುತ್ತಿನ ಮೊದಲ ತುಣುಕನ್ನು ಮಾತ್ರ. 2014ರ ಆಗಸ್ಟ್ 7ರಂದು, ಸೂರ್ಯನಿಂದ 3.6 ಖಗೋಳಮಾನ ದೂರದಲ್ಲಿ, ಗರ್ಭದಿಂದ ಸುಮಾರು 100 ಕಿ.ಮೀ. ಆಚೆ ಐಸಿಎ ಮೊದಲ ಬಾರಿಗೆ ನೀರಿನ ಗುಂಪಿನ ಅಯಾನುಗಳನ್ನು ಹಿಡಿದದ್ದು ಹೀಗೆ ವೇಗ ಪಡೆದವುಗಳನ್ನೇ. ಅಯಾನುಗಳು ಒಂದು ಕಡೆಗೆ ಸಂವೇಗ ಪಡೆದರೆ ಸೌರ ಮಾರುತ ಎದುರು ಕಡೆಗೆ ವಾಲಲೇಬೇಕು. ಹಾಗೆಯೇ ಆಯಿತು. ಧೂಮಕೇತು ಸೂರ್ಯನ ಹತ್ತಿರ ಹೋದಂತೆ ಆ ವಾಲು 90 ಡಿಗ್ರಿಯನ್ನೂ ಮೀರಿತು. 2015ರ ಏಪ್ರಿಲ್ ಕೊನೆಯಿಂದ ಡಿಸೆಂಬರಿನವರೆಗೆ ಸೌರ ಮಾರುತದ ಅಯಾನುಗಳು ನೌಕೆಯ ಜಾಗಕ್ಕೆ ಬರುವುದೇ ನಿಂತಿತು. ಆ ತಿಂಗಳುಗಳ ದತ್ತಾಂಶದಲ್ಲಿ ಪ್ರೋಟಾನ್ ಗೆರೆ ಇಲ್ಲದ್ದನ್ನು ಕಂಡು ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ.

ಇನ್ನು ನಿಮ್ಮ ಪ್ರಶ್ನೆಯ ಗಂಟು. ನೌಕೆ ಋಣ ಆವೇಶಕ್ಕೆ ಹೋಗುವುದು ಏಕೆ? ತೆಳುವಾದ ಸೌರ ಮಾರುತದಲ್ಲಿ ನೌಕೆಯ ಮೈಮೇಲೆ ಬೀಳುವ ಬಿಸಿಲು ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತದೆ, ಆದ್ದರಿಂದ ನೌಕೆ ಕೆಲವು ವೋಲ್ಟ್ ಧನದಲ್ಲಿರುತ್ತದೆ. ಧೂಮಕೇತುವಿನ ಬಳಿ ಪ್ಲಾಸ್ಮಾ ದಟ್ಟ. ಅಲ್ಲಿ ಹುಟ್ಟುವ ಎಲೆಕ್ಟ್ರಾನ್‌ಗಳ ಶಕ್ತಿ 5ರಿಂದ 10 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗ. ಅಯಾನುಗಳದ್ದು ಕೆಲವೇ ಕಿಲೋಮೀಟರ್. ಸಂಖ್ಯೆ ಸಮನಾಗಿದ್ದರೂ ನೌಕೆಗೆ ಬಂದು ಬಡಿಯುವ ಎಲೆಕ್ಟ್ರಾನ್‌ಗಳೇ ಎಷ್ಟೋ ಪಟ್ಟು ಹೆಚ್ಚು. ಮುಂದಿನವನ್ನು ತಳ್ಳಿ ಹಾಕುವಷ್ಟು ಋಣವಾಗುವವರೆಗೆ ನೌಕೆ ಇಳಿಯುತ್ತದೆ. ರೊಸೆಟಾದ ಸೌರ ಫಲಕಗಳ ತುದಿಯಿಂದ ತುದಿಗೆ 32 ಮೀಟರ್. ಅವುಗಳ ಅಂಚಿನಲ್ಲಿ ಧನ ವೋಲ್ಟೇಜಿನ ವಾಹಕಗಳು ಬಯಲಿಗೆ ಬಿದ್ದಿದ್ದವು, ತಣ್ಣನೆಯ ಎಲೆಕ್ಟ್ರಾನ್‌ಗಳನ್ನೂ ಹೀರಿದವು. ಮುಂದಿನ ನೌಕೆಗಳನ್ನು ವಿನ್ಯಾಸ ಮಾಡುವವರು ಈ ಅಂಚನ್ನು ಮುಚ್ಚುವುದರಿಂದಲೇ ಕೆಲಸ ಶುರುಮಾಡಬೇಕು.

ಆ ವಿಭವ ಮಾಡುವ ಹಾನಿ ಎರಡು ಬಗೆಯದು. ಒಂದು, ಶಕ್ತಿಯ ಹಾನಿ. ವೇಗ ಲೆಕ್ಕ ಹಾಕಲು ಈ ಸೂತ್ರ ಸಾಕು: ವೇಗ = 13.9 × √(ಶಕ್ತಿ ÷ ದ್ರವ್ಯರಾಶಿ). ವೇಗ ಸೆಕೆಂಡಿಗೆ ಕಿ.ಮೀ.ಗಳಲ್ಲಿ, ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ, ದ್ರವ್ಯರಾಶಿ ಪರಮಾಣು ಏಕಮಾನಗಳಲ್ಲಿ. ಐಸಿಎಯಲ್ಲಿ 12 ಎಲೆಕ್ಟ್ರಾನ್ ವೋಲ್ಟಿನಲ್ಲಿ ಶಿಖರ ಕಂಡಿತು ಎನ್ನಿ. ಹಾಗೆಯೇ ಸೂತ್ರಕ್ಕೆ ಹಾಕಿದರೆ ನೀರಿನ ಅಯಾನಿನ ವೇಗ 11.3 ಕಿ.ಮೀ. ಬರುತ್ತದೆ, ಅದು ಶುದ್ಧ ತಪ್ಪು. ನೌಕೆಯ ವಿಭವ ಮೈನಸ್ 11 ಎಂದು ಕಳೆದರೆ ಉಳಿಯುವುದು 1 ಎಲೆಕ್ಟ್ರಾನ್ ವೋಲ್ಟ್, ವೇಗ 3.3 ಕಿ.ಮೀ. ವಿಭವ ಮೈನಸ್ 10 ಆಗಿದ್ದರೆ 4.6 ಕಿ.ಮೀ., ಮೈನಸ್ 11.5 ಆಗಿದ್ದರೆ 2.3 ಕಿ.ಮೀ. ಒಂದೂವರೆ ವೋಲ್ಟಿನ ಗೊಂದಲಕ್ಕೆ ವೇಗ ಇಮ್ಮಡಿಯಾಗುತ್ತದೆ. ಇದರ ಮೇಲೆ ಉಪಕರಣದ ಶಕ್ತಿಯ ಹಂತವೂ ಅಗಲವಾಗಿದೆ. ಪ್ರತಿ ಹಂತದ ಅಗಲ ಶಕ್ತಿಯ ಶೇ. 7ರಷ್ಟು, ಅಂದರೆ 12ರಲ್ಲಿ 0.8. ಉಷ್ಣತೆ ಬದಲಾದಂತೆ ಕಡಿಮೆ ಶಕ್ತಿಯ ಹಂತಗಳ ಸೊನ್ನೆಯೂ ಸರಿಯುತ್ತಿತ್ತು, ಅದಕ್ಕೆ ಬೇರೆ ತಿದ್ದುಪಡಿ ಬೇಕಾಯಿತು.

ಎರಡನೆಯದು ದಿಕ್ಕಿನ ಹಾನಿ, ಇದು ಇನ್ನೂ ಕೆಟ್ಟದ್ದು. ಒಂದು ಎಲೆಕ್ಟ್ರಾನ್ ವೋಲ್ಟಿನ ಅಯಾನು ಹತ್ತು ವೋಲ್ಟಿನ ಎಳೆತಕ್ಕೆ ಸಿಕ್ಕರೆ ಅದರ ಹಾದಿ ಬಾಗಿಹೋಗುತ್ತದೆ. ಉಪಕರಣದ ಯಾವ ಕಿಂಡಿಗೆ ಬಂತು ಎಂಬುದಕ್ಕೂ ಮೊದಲು ಯಾವ ದಿಕ್ಕಿನಲ್ಲಿ ಹೊರಟಿತ್ತು ಎಂಬುದಕ್ಕೂ ಸಂಬಂಧ ತಪ್ಪುತ್ತದೆ. ನೌಕೆಯ ಆಕಾರವನ್ನು, ಫಲಕಗಳ ಕೋನವನ್ನು, ಪ್ಲಾಸ್ಮಾದ ಸಾಂದ್ರತೆಯನ್ನು ಕೊಟ್ಟು ಕಂಪ್ಯೂಟರಿನಲ್ಲಿ ಅಯಾನುಗಳನ್ನು ಹಿಂದಕ್ಕೆ ಓಡಿಸಿ ನೋಡಿದಾಗ, ವಿಭವದ ಸುಮಾರು ಎರಡು ಪಟ್ಟು ಶಕ್ತಿಯವರೆಗೂ ಈ ವಿರೂಪ ದೊಡ್ಡದಾಗಿರುತ್ತದೆ ಎಂದು ಕಂಡಿತು. ವಿಭವ ಮೈನಸ್ 15 ಇದ್ದರೆ 30 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನ ದಿಕ್ಕುಗಳನ್ನು ನಕ್ಷೆಯಲ್ಲಿ ಬಾಣ ಹಾಕಿ ತೋರಿಸಬಾರದು. ಐಸಿಎ ನೋಟದ ಕ್ಷೇತ್ರದ ಒಂದು ಭಾಗಕ್ಕೆ ನೌಕೆಯ ಮೈ ಮತ್ತು ಫಲಕಗಳೇ ಅಡ್ಡ, ಅದು ಬೇರೆ.

ಈಗ ತಿದ್ದುವ ದಾರಿ. ನೌಕೆಯ ವಿಭವ ಗೊತ್ತಾಗುವುದು ಲ್ಯಾಪ್‌ನಿಂದ. ಟೈಟಾನಿಯಂ ನೈಟ್ರೈಡ್ ಲೇಪಿಸಿದ 5 ಸೆಂ.ಮೀ. ವ್ಯಾಸದ ಎರಡು ಗೋಳಗಳು, ಒಂದು 2.2 ಮೀಟರ್, ಇನ್ನೊಂದು 1.6 ಮೀಟರ್ ಉದ್ದದ ಕೋಲಿನ ತುದಿಯಲ್ಲಿ. ಕೋಲು ಗಿಡ್ಡವಾದದ್ದೇ ತೊಂದರೆ. ಎಲೆಕ್ಟ್ರಾನ್ ಶಕ್ತಿ 5 ಎಲೆಕ್ಟ್ರಾನ್ ವೋಲ್ಟ್, ಸಾಂದ್ರತೆ ಘನ ಸೆಂಟಿಮೀಟರಿಗೆ 100 ಇದ್ದಾಗ ಪ್ಲಾಸ್ಮಾ ಒಂದು ಆವೇಶವನ್ನು ಮರೆಮಾಡುವ ದೂರ 1.7 ಮೀಟರ್. ಗೋಳಗಳು ನೌಕೆಯ ವಿದ್ಯುತ್ ನೆರಳಿನಿಂದ ಪೂರ್ತಿ ಹೊರಗೆ ಬಂದೇ ಇಲ್ಲ. ಅವು ತೋರಿಸುವುದು ನಿಜವಾದ ವಿಭವದ ಶೇ. 70ರಿಂದ 100ರಷ್ಟು. ಆದ್ದರಿಂದ ಐಸಿಎಯಿಂದಲೇ ಇನ್ನೊಂದು ಅಂದಾಜು ತೆಗೆಯುತ್ತಾರೆ. ಸುತ್ತಲೇ ಹುಟ್ಟಿದ ಅಯಾನುಗಳಲ್ಲಿ ಅತ್ಯಂತ ನಿಧಾನದವು ಸರಿಯಾಗಿ ವಿಭವದಷ್ಟೇ ಶಕ್ತಿಯಲ್ಲಿ ಬರಬೇಕು, ಅದಕ್ಕಿಂತ ಕಡಿಮೆಯಲ್ಲಿ ಯಾವುದೂ ಬರಲಾರದು. ಸಂಕೇತ ಶುರುವಾಗುವ ಕೆಳಗಿನ ಅಂಚೇ ನೌಕೆಯ ವಿಭವ. ನೌಕೆಯ ದೋಷವೇ ಹೀಗೆ ಅಳತೆಗೋಲಾಗಿ ಒದಗಿತು. ಮಾತ್ರವಲ್ಲ, ಮೈನಸ್ ವಿಭವ ಇಲ್ಲದಿದ್ದರೆ 0.05 ಎಲೆಕ್ಟ್ರಾನ್ ವೋಲ್ಟಿನ ಅಯಾನುಗಳು ಐಸಿಎಯ ಮೊದಲ ಹಂತಕ್ಕೂ ಎಟುಕುತ್ತಿರಲಿಲ್ಲ.

ಸಾಂದ್ರತೆಗೆ ಮಿಪ್. ಒಂದು ಮೀಟರ್ ಉದ್ದದ ಪಟ್ಟಿಯಿಂದ ಬೇರೆ ಬೇರೆ ಆವರ್ತನದ ಸಂಕೇತ ಹೊರಡಿಸಿ, ಪ್ಲಾಸ್ಮಾ ಎಲ್ಲಿ ಅನುರಣಿಸುತ್ತದೆ ಎಂದು ಕೇಳುತ್ತದೆ. 90 ಕಿಲೋಹರ್ಟ್ಸ್‌ನಲ್ಲಿ ಅನುರಣಿಸಿದರೆ ಘನ ಸೆಂಟಿಮೀಟರಿಗೆ 100 ಎಲೆಕ್ಟ್ರಾನ್, 284ರಲ್ಲಾದರೆ 1,000. ಈ ಅಳತೆಗೆ ನೌಕೆಯ ವಿಭವದ ಗೊಡವೆ ಹೆಚ್ಚಾಗಿ ಇಲ್ಲ. ಎಲೆಕ್ಟ್ರಾನ್ ಎಷ್ಟೋ ಧನ ಅಯಾನೂ ಅಷ್ಟೇ ಇರಬೇಕು, ಆದ್ದರಿಂದ ಅಯಾನಿನ ಸಾಂದ್ರತೆಯೂ ಸಿಕ್ಕಂತೆ. ಐಸಿಎ ಎಣಿಕೆಯಿಂದ ಕೂಡಿಸಿದ ಸಾಂದ್ರತೆ ಇದಕ್ಕಿಂತ ಬಹಳ ಕಡಿಮೆ ಬಂದರೆ, ತಣ್ಣನೆಯ ಅಯಾನುಗಳು ನೋಟದಿಂದ ತಪ್ಪಿಸಿಕೊಂಡಿವೆ ಎಂದರ್ಥ. ಅದು ಆಗಾಗ ಆಗುತ್ತದೆ.

ವೇಗಕ್ಕೆ ಲ್ಯಾಪ್ ಮತ್ತು ಮಿಪ್ ಸೇರಬೇಕು. ಲ್ಯಾಪ್ ಗೋಳಕ್ಕೆ ಹೆಚ್ಚು ಹೆಚ್ಚು ಋಣ ವೋಲ್ಟೇಜ್ ಕೊಟ್ಟಂತೆ ಅದು ಎಳೆದುಕೊಳ್ಳುವ ಅಯಾನು ವಿದ್ಯುತ್ ಏರುತ್ತದೆ. ಆ ಏರಿಕೆಯ ಇಳಿಜಾರು ಸಾಂದ್ರತೆಗೆ ನೇರ ಅನುಪಾತದಲ್ಲಿ, ತೂಕ ಮತ್ತು ವೇಗದ ಗುಣಲಬ್ಧಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ: ವೇಗದ ಅಯಾನನ್ನು ಬಾಗಿಸಿ ಎಳೆದುಕೊಳ್ಳುವುದು ಕಷ್ಟ. ವಿದ್ಯುತ್ತಿನ ಒಟ್ಟು ಬೆಲೆಯನ್ನು ಬಳಸಬಾರದು, ಇಳಿಜಾರನ್ನೇ ಬಳಸಬೇಕು. ಬಿಸಿಲಿನಿಂದ ಗೋಳವೇ ಬಿಡುವ ಎಲೆಕ್ಟ್ರಾನ್‌ಗಳು ಒಂದು ಸ್ಥಿರ ವಿದ್ಯುತ್ ಸೇರಿಸುತ್ತವೆ, ಇಳಿಜಾರಿನಲ್ಲಿ ಅದು ತಾನಾಗಿ ಕಳೆದುಹೋಗುತ್ತದೆ. ಮಿಪ್‌ನಿಂದ ಸಾಂದ್ರತೆ ಹಾಕಿ, ತೂಕ 18 ಅಥವಾ 19 ಎಂದಿಟ್ಟರೆ ಉಳಿಯುವುದು ವೇಗ ಒಂದೇ.

ಹೀಗೆ ಬಂದ ಉತ್ತರ ಹಲವರಿಗೆ ಇಷ್ಟವಾಗಲಿಲ್ಲ. 2015ರ ಆಗಸ್ಟ್ 13ರಂದು ಧೂಮಕೇತು 1.24 ಖಗೋಳಮಾನದಲ್ಲಿ ಸೂರ್ಯನಿಗೆ ಅತಿ ಸಮೀಪ ಬಂತು. ಅದರ ಆಸುಪಾಸಿನ ದಿನಗಳಲ್ಲಿ, ಗರ್ಭದಿಂದ ಇನ್ನೂರು ಕಿ.ಮೀ. ಆಚೀಚೆ, ಅಯಾನುಗಳ ವೇಗ 2ರಿಂದ 8 ಕಿ.ಮೀ. ಸುತ್ತಲಿನ ಅನಿಲ 1 ಕಿ.ಮೀ.ಗಿಂತ ಕಡಿಮೆಯಲ್ಲಿ ಸಾಗುತ್ತಿತ್ತು. ಹ್ಯಾಲಿಯ ಅನುಭವದ ಪ್ರಕಾರ ಇಷ್ಟು ದಟ್ಟ ಅನಿಲದಲ್ಲಿ ಅಯಾನುಗಳು ಪದೇಪದೇ ಡಿಕ್ಕಿ ಹೊಡೆದು ಅನಿಲದ ವೇಗಕ್ಕೇ ಇಳಿಯಬೇಕಿತ್ತು. ಆ ದಿನಗಳಲ್ಲಿ ಕಾಂತಕ್ಷೇತ್ರವೇ ಇಲ್ಲದ ಗುಳಿಯೊಳಗೂ ನೌಕೆ ಆಗಾಗ ಸಿಕ್ಕಿತು. 2015ರ ಜುಲೈ 26ರಂದು ಗರ್ಭದಿಂದ 170 ಕಿ.ಮೀ. ದೂರದಲ್ಲಿ ಸುಮಾರು 25 ನಿಮಿಷ ಕಾಲ ಅಂಥ ಗುಳಿ ಮೊದಲು ಕಂಡಿತು, ನಂತರ ದತ್ತಾಂಶ ಕೆದಕಿ 665 ಎಣಿಸಿದರು. ಗುಳಿಯೊಳಗಿನ ಐಸಿಎ ಎಣಿಕೆಗಳನ್ನು ಮೇಲೆ ಹೇಳಿದ ಕಂಪ್ಯೂಟರ್ ಮಾದರಿಯೊಂದಿಗೆ ಹೋಲಿಸಿದಾಗ ಸಿಕ್ಕ ವೇಗ 5ರಿಂದ 10 ಕಿ.ಮೀ. ಎರಡು ದಾರಿಗಳ ಅಂಕಿ ಪೂರ್ತಿ ಒಂದಾಗಲಿಲ್ಲ, ಆದರೆ ಎರಡೂ ಅನಿಲದ ವೇಗಕ್ಕಿಂತ ಎಷ್ಟೋ ಮೇಲೆ. ಬಿಸಿ ಎಲೆಕ್ಟ್ರಾನ್‌ಗಳು ಹೊರಗೆ ಹಾರಲು ನೋಡಿದಾಗ ಉಂಟಾಗುವ ವಿದ್ಯುತ್ ಕ್ಷೇತ್ರ ಅಯಾನುಗಳನ್ನೂ ಎಳೆದೊಯ್ಯುತ್ತದೆ, ಡಿಕ್ಕಿಗಳು ಅದನ್ನು ತಡೆಯುವಷ್ಟು ಇಲ್ಲ ಎಂಬುದೇ ಸದ್ಯದ ಒಪ್ಪಿತ ವಿವರಣೆ.

ಇನ್ನು ಜಾತಿಯ ಗುರುತು. ರೊಸಿನಾ ಗುಂಪಿನ ಡಿಎಫ್‌ಎಂಎಸ್ ಎಂಬ ತೂಕಮಾಪಕ ಸಾಮಾನ್ಯವಾಗಿ ತಟಸ್ಥ ಅನಿಲವನ್ನು ಒಳಗೆ ಸೇರಿಸಿಕೊಂಡು ತಾನೇ ಅಯಾನು ಮಾಡಿ ತೂಗುತ್ತದೆ. ಹಾಗೆ ಅಯಾನು ಮಾಡುವ ಒಳಗಿನ ಬಿಸಿ ತಂತಿಯನ್ನು ನಂದಿಸಿದರೆ ಹೊರಗಿನ ಅಯಾನುಗಳನ್ನೇ ನೇರ ತೂಗಬಹುದು. ನೀರಿನ ಅಯಾನು 18.010, ಅಮೋನಿಯಂ 18.034. ಐಸಿಎಗೆ ಎರಡೂ ಒಂದೇ. ಬೇರ್ಪಡಿಸಲು 750ಕ್ಕೂ ಹೆಚ್ಚಿನ ವಿಭೇದನ (ತೂಕವನ್ನು ತೂಕದ ವ್ಯತ್ಯಾಸದಿಂದ ಭಾಗಿಸಿದ ಅಂಕಿ) ಬೇಕು, ಡಿಎಫ್‌ಎಂಎಸ್‌ನದು 3,000. ಹೀಗೆ ಧೂಮಕೇತುವಿನ ಬಳಿ ಅಮೋನಿಯಂ ಅಯಾನು ಮೊದಲ ಬಾರಿಗೆ ಸ್ಪಷ್ಟವಾಗಿ ಗುರುತಿಗೆ ಸಿಕ್ಕಿತು. ನೀರಿನ ಅಯಾನು ಇನ್ನೊಂದು ನೀರಿನ ಅಣುವಿಗೆ ಬಡಿದರೆ 19ರ ಹೈಡ್ರೋನಿಯಂ ಹುಟ್ಟುತ್ತದೆ. ಹೈಡ್ರೋನಿಯಂ ಅಮೋನಿಯಾಕ್ಕೆ ಸಿಕ್ಕರೆ ಪ್ರೋಟಾನನ್ನು ಬಿಟ್ಟುಕೊಡುತ್ತದೆ, ಏಕೆಂದರೆ ಪ್ರೋಟಾನ್ ಮೇಲೆ ಅಮೋನಿಯಾದ ಹಿಡಿತ ಇನ್ನೂ ಬಿಗಿ. ಆದ್ದರಿಂದ 19 ಮತ್ತು 18ರ ಅನುಪಾತ ಅಯಾನು ಎಷ್ಟು ಡಿಕ್ಕಿ ಕಂಡಿದೆ ಎಂಬುದರ ಲೆಕ್ಕ. ಡಿಎಫ್‌ಎಂಎಸ್‌ನ ನೋಟದ ಕೋನವೂ ಶಕ್ತಿಯ ಕಿಂಡಿಯೂ ಕಿರಿದಾದ್ದರಿಂದ ಶಿಖರಗಳ ಎತ್ತರ ನೌಕೆಯ ವಿಭವದೊಂದಿಗೆ ಏರಿಳಿಯುತ್ತದೆ. ಅಕ್ಕಪಕ್ಕದ ತೂಕಗಳ ಅನುಪಾತವನ್ನು ನಂಬಿ, ಒಂಟಿ ಶಿಖರದಿಂದ ಸಾಂದ್ರತೆ ತೆಗೆಯಬೇಡಿ.

ನೀವೇ ದತ್ತಾಂಶ ತೆರೆದು ನೋಡಬೇಕೆಂದಿದ್ದರೆ, ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಗ್ರಹ ವಿಜ್ಞಾನ ಸಂಗ್ರಹದಲ್ಲಿ ಎಲ್ಲವೂ ಉಚಿತ. 2014ರ ಆಗಸ್ಟ್‌ನಿಂದ ನವೆಂಬರಿನ ತಿಂಗಳುಗಳಿಂದ ಶುರುಮಾಡಿ, ಆಗ ಸೌರ ಮಾರುತವೂ ಧೂಮಕೇತುವಿನ ಅಯಾನೂ ಒಂದೇ ಚಿತ್ರದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಅಂದಹಾಗೆ, ಕಿರುನಾದ ಇದೇ ಸಂಸ್ಥೆ ನಮ್ಮ ಚಂದ್ರಯಾನ-1ರ 'ಸಾರಾ' ಉಪಕರಣದಲ್ಲೂ ಇಸ್ರೊ ಜೊತೆ ಕೈಜೋಡಿಸಿತ್ತು. ಆದಿತ್ಯ-ಎಲ್1ರ ಆಸ್ಪೆಕ್ಸ್ ಕೂಡ ಇಂಥದೇ ವಿದ್ಯುತ್ ಜರಡಿಯಿಂದ ಅಯಾನು ಆರಿಸುತ್ತದೆ. ಅಲ್ಲಿ ನೋಡುವುದು ಸಾವಿರ ಎಲೆಕ್ಟ್ರಾನ್ ವೋಲ್ಟಿನ ಸೌರ ಮಾರುತವನ್ನು, ಆದ್ದರಿಂದ ನಿಮ್ಮ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಐಸಿಎ ಚಿತ್ರ ನೋಡುವಾಗ ಕೆಲವು ಕಡೆ ಕಾಲು ಜಾರುತ್ತದೆ. 96 ಶಕ್ತಿ, 16 ಕೋನ, ಪ್ರತಿ ಹಂತಕ್ಕೆ ಸುಮಾರು 0.12 ಸೆಕೆಂಡು: ಒಂದು ಪೂರ್ತಿ ನೋಟಕ್ಕೆ 192 ಸೆಕೆಂಡು. 67ಪಿ ಸುತ್ತ ಕಾಂತಕ್ಷೇತ್ರ 25 ಸೆಕೆಂಡಿಗೊಮ್ಮೆ ತೂಗುತ್ತಿತ್ತು, ನೌಕೆಯ ವಿಭವ ಅದಕ್ಕಿಂತ ಬೇಗ ಬದಲಾಗುತ್ತಿತ್ತು. ಒಂದೇ ಚಿತ್ರದ ಎರಡು ಮೂಲೆಗಳು ಬೇರೆ ಬೇರೆ ಪರಿಸರದವು. ಕಡಿಮೆ ಶಕ್ತಿಯ ಕೆಲಸಕ್ಕೆ ಕೋನ ಹೊರಳಿಸದೆ 4 ಸೆಕೆಂಡಿಗೊಂದು ನೋಟ ತೆಗೆದ ದಿನಗಳ ಕಡತಗಳನ್ನೇ ಆರಿಸಿಕೊಳ್ಳಿ. ಎಲ್ಲ ಶಕ್ತಿಗಳಲ್ಲೂ ಸಮನಾಗಿ ಚೆಲ್ಲಿದ ಎಣಿಕೆ ಕಂಡರೆ ಅದು ಅಯಾನಲ್ಲ, ಬಾಯಿಗೆ ಬಿದ್ದ ಬಿಸಿಲು. ಪ್ರೋಟಾನ್ ಗೆರೆ ತೀರಾ ಪ್ರಖರವಾಗಿದ್ದಾಗ ಸರಿಯಾಗಿ ಅದೇ ಶಕ್ತಿಯಲ್ಲಿ, ಅದೇ ದಿಕ್ಕಿನಲ್ಲಿ ಭಾರವಾದ ಅಯಾನುಗಳ ಜಾಗದಲ್ಲೂ ಮಸುಕು ಕಲೆ ಕಂಡರೆ ಅದು ಸೋರಿಕೆ. ನೌಕೆಯ ತಂತ್ರಜ್ಞರು ದಿಕ್ಕು ತಿದ್ದಲು ಎಂಜಿನ್ ಉರಿಸಿದ ಸಮಯದ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಆ ನಿಮಿಷಗಳ ಅನಿಲ ಧೂಮಕೇತುವಿನದಲ್ಲ.

ಕಡಿಮೆ ಶಕ್ತಿಯ ಪ್ರತಿ ನೋಟಕ್ಕೂ ಲ್ಯಾಪ್ ಕೊಟ್ಟ ವಿಭವವನ್ನೂ ಐಸಿಎಯ ಕೆಳಗಿನ ಅಂಚನ್ನೂ ಪಕ್ಕಪಕ್ಕ ಬರೆಯಿರಿ. ಲ್ಯಾಪ್ ಬೆಲೆ ಅಂಚಿನ ಶೇ. 70ರಿಂದ 100ರ ಒಳಗೆ ಬಿದ್ದರೆ ಮುಂದುವರಿಯಿರಿ. ಅದರಿಂದ ಹೊರಗೆ ಬಿದ್ದರೆ, ಒಂದೋ ಸೊನ್ನೆಯ ತಿದ್ದುಪಡಿ ಆಗಿಲ್ಲ, ಇಲ್ಲವೇ 192 ಸೆಕೆಂಡಿನ ನಡುವೆ ವಿಭವ ಜಿಗಿದಿದೆ. ಆ ನೋಟದ ಕೆಳಭಾಗದಿಂದ ವೇಗ ತೆಗೆಯಬೇಡಿ. ಹಾಗೆಂದು ಇಡೀ ನೋಟವನ್ನು ಎಸೆಯಬೇಕಿಲ್ಲ. ಐವತ್ತು ಎಲೆಕ್ಟ್ರಾನ್ ವೋಲ್ಟ್‌ಗಳಿಂದ ಮೇಲಿನ ಭಾಗ ಆಗಲೂ ಬಳಕೆಗೆ ಬರುತ್ತದೆ.